ಮಧುಮೇಹಿಗಳ ಕಣ್ಣು ಮತ್ತು ರಕ್ತಪರೀಕ್ಷೆ

ಮಧುಮೇಹವು ಕಣ್ಣಿನ ಹಿಂಭಾಗದ ಅಕ್ಷಿಪಟಲವನ್ನು ನೋವಿಲ್ಲದೆಯೇ ಕೆಡಿಸುತ್ತದೆ. ಅಧಿಕ ಸಕ್ಕರೆಯಿಂದ ಅಲ್ಲಿ ಉರಿಯೂತವುಂಟಾಗಿ, ಬಿಳಿ ರಕ್ತಕಣಗಳು ಸೂಕ್ಷ್ಮ ರಕ್ತನಾಳಗಳ ಗೋಡೆಗೆ ಅಂಟಿಕೊಳ್ಳುತ್ತವೆ. ನಾಳಗಳು ಸೋರುತ್ತವೆ, ಕ್ರಮೇಣ ಮುಚ್ಚಿಹೋಗುತ್ತವೆ.

ಉರಿಯೂತವಿದ್ದಾಗ ಯಕೃತ್ತು ಸಿ-ರಿಯಾಕ್ಟಿವ್ ಪ್ರೋಟೀನನ್ನು ಹೆಚ್ಚಾಗಿ ಉತ್ಪಾದಿಸುತ್ತದೆ. ಇದನ್ನು ರಕ್ತದಲ್ಲಿ ಅಳೆಯಬಹುದು. ಆದರೆ ವಸಡಿನ ಸೋಂಕು, ಕೀಲುವಾತಗಳಲ್ಲಿಯೂ ಇದು ಏರುತ್ತದೆ. ಅಕ್ಷಿಪಟಲ ಕೆಡುತ್ತಿರುವಾಗಲೂ ಸಾಮಾನ್ಯ ಮಟ್ಟದಲ್ಲಿರಬಹುದು. ಆದ್ದರಿಂದ ದೆಹಲಿಯ ಕರೋಲ್ ಬಾಗ್‌ನಲ್ಲಿ ವಾಸಿಸುವ ಮಧುಮೇಹಿಯೊಬ್ಬರು ರಕ್ತಪರೀಕ್ಷೆಯ ವರದಿಯೊಂದನ್ನೇ ನಂಬಿ ನಿಶ್ಚಿಂತರಾಗುವುದು ಸರಿಯಲ್ಲ.

ಪಾಪೆ ಹಿಗ್ಗಿಸುವ ಹನಿ ಹಾಕಿ ಅಕ್ಷಿಪಟಲವನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿಕೊಳ್ಳುವುದು ಅವಶ್ಯ. ಅದೇ ನಗರದ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ 1967ರಲ್ಲಿ ಸ್ಥಾಪಿತವಾದ ಡಾ. ರಾಜೇಂದ್ರ ಪ್ರಸಾದ್ ನೇತ್ರವಿಜ್ಞಾನ ಕೇಂದ್ರವಿದೆ. ಸಕಾಲದಲ್ಲಿ ತಿಳಿದರೆ ಸಕ್ಕರೆ ಹಾಗೂ ರಕ್ತದೊತ್ತಡದ ನಿಯಂತ್ರಣ, ಲೇಸರ್, ಚುಚ್ಚುಮದ್ದುಗಳಿಂದ ದೃಷ್ಟಿಯನ್ನು ಬಹುಮಟ್ಟಿಗೆ ಕಾಪಾಡಬಹುದು.