ಕಾಳಿನಿಂದ ಕೋಳಿಗೆ

'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಕೈಗೆಟುಕುವ ವಸ್ತುವಿನ ಬೆಲೆಯನ್ನು ಮನುಷ್ಯ ಬೇಗನೆ ಅರಿಯಲಾರ ಎಂಬುದು ಅದರ ಇಂಗಿತ. ಈ ಮಾತಿಗೆ ಅಗಸೆ ಒಂದು ಒಳ್ಳೆಯ ನಿದರ್ಶನ. ದಕ್ಷಿಣದ ಜಿಲ್ಲೆಗಳಲ್ಲಿ ಅಗಸೆಯೆಂದರೆ, ಹೂವು ಸೊಪ್ಪುಗಳನ್ನು ಪಲ್ಯಕ್ಕೆ ಬಳಸುವ ಒಂದು ಮರ. ಇಲ್ಲಿ ಹೇಳಹೊರಟಿರುವುದು ಅದನ್ನು ಕುರಿತಲ್ಲ. ಉತ್ತರ ಕರ್ನಾಟಕದ ಎರೆಭೂಮಿಯಲ್ಲಿ ಹಿಂಗಾರಿನ ಬೆಳೆಯಾಗಿ ಬರುವ, ನೀಲಿ ಹೂವಿನ, ಕಂದು ಕಾಳಿನ ಪುಟ್ಟ ಸಸ್ಯವನ್ನು ಕುರಿತು.

ಬೆಳಗಾವಿ ಜಿಲ್ಲೆಯ ಹುಕ್ಕೇರಿ, ಗೋಕಾಕ, ಮೂಡಲಗಿಗಳ ಕಡೆ ಜೋಳದ ರೊಟ್ಟಿಯ ಬದಿಯಲ್ಲಿ ಶೇಂಗಾ, ಗುರೆಳ್ಳು, ಅಗಸೆಗಳ ಚಟ್ನಿಪುಡಿ ಇರುವುದು ವಾಡಿಕೆ. ಅಗಸೆಯನ್ನು ಗಾಣಕ್ಕೆ ಹಾಕಿ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ ದನಕರುಗಳಿಗೆ ಮೇವಾಗುತ್ತಿತ್ತು. ಘಟಪ್ರಭಾ ನದಿಗೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ಅಣೆಕಟ್ಟು ನಿರ್ಮಾಣವಾಗಿ, ಕಾಲುವೆಯ ನೀರು ಹರಿದ ಮೇಲೆ ಈ ಸೀಮೆಯ ಕೃಷಿಯ ಸ್ವರೂಪವೇ ಬದಲಾಯಿತು. ಕಬ್ಬು, ಗೋವಿನಜೋಳ, ಸೋಯಾ ಅವರೆಗಳು ಹೊಲಗಳನ್ನು ತುಂಬಿದವು. ಅಗಸೆಯಂಥ ಮಳೆಯಾಶ್ರಿತ ಬೆಳೆಗಳಿಗೆ ದೊರೆಯುವ ನೆಲ ಕಿರಿದಾಯಿತು. ಗೋವಿನಜೋಳ ಮತ್ತು ಸೋಯಾ ಹಿಂಡಿಗಳೇ ಇಂದು ಕೋಳಿಸಾಕಣೆಯ ಮೇವಿನ ಎರಡು ಆಧಾರಸ್ತಂಭಗಳು. ಹಿಂದೆ ಸರಿದ ಆ ಅಗಸೆಯನ್ನು ವಿಜ್ಞಾನಿಗಳು ಈಗ ಕೋಳಿಯ ಮೇವಿನ ತೊಟ್ಟಿಗೆ ಕರೆತರುತ್ತಿದ್ದಾರೆ. ಇದಕ್ಕೆ ಕಾರಣವೇನು?

ಉತ್ತರವನ್ನು ತಿಳಿಯಬೇಕಾದರೆ ಮೊದಲು ಕೊಬ್ಬಿನ ಸ್ವರೂಪವನ್ನು ಅರಿಯಬೇಕು. ಕೊಬ್ಬೆಂದರೆ ಕೇವಲ ದೇಹದ ತೂಕವನ್ನು ಹೆಚ್ಚಿಸುವ ವಸ್ತುವೆಂದು ಅನೇಕರು ಭಾವಿಸಿದ್ದಾರೆ. ಇದು ಸರಿಯಲ್ಲ. 1929ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ದಂಪತಿಗಳು ಇಲಿಗಳಿಗೆ ಕೊಬ್ಬೇ ಇಲ್ಲದ ಆಹಾರವನ್ನಿತ್ತು ಪರೀಕ್ಷಿಸಿದರು. ಇಲಿಗಳ ಬೆಳವಣಿಗೆ ಕುಂಠಿತವಾಯಿತು, ಚರ್ಮ ಹೊಪ್ಪಳೆಯೆದ್ದಿತು. ಕೆಲವು ಕೊಬ್ಬಿನ ಆಮ್ಲಗಳು ಪ್ರಾಣಿಗಳ ದೇಹಕ್ಕೆ ಅತ್ಯವಶ್ಯವೆಂದು ಇದರಿಂದ ಸಿದ್ಧವಾಯಿತು. ಅಂಥ ಆಮ್ಲಗಳಲ್ಲಿ ಎರಡನ್ನು ಮನುಷ್ಯನ ದೇಹ ತಾನೇ ತಯಾರಿಸಿಕೊಳ್ಳಲಾರದು. ಒಂದು ಒಮೆಗಾ-6 ಬಳಗದ ಲಿನೋಲಿಯಿಕ್ ಆಮ್ಲ. ಇನ್ನೊಂದು ಒಮೆಗಾ-3 ಬಳಗದ ಆಲ್ಫಾ ಲಿನೋಲೆನಿಕ್ ಆಮ್ಲ. ಒಮೆಗಾ ಎಂಬುದು ಗ್ರೀಕ್ ವರ್ಣಮಾಲೆಯ ಕೊನೆಯ ಅಕ್ಷರ. ಇಂಗಾಲದ ಪರಮಾಣುಗಳ ಸರಪಳಿಯನ್ನು ಬಾಲದ ತುದಿಯಿಂದ ಎಣಿಸಿದಾಗ, ಮೊದಲ ಜೋಡಿಬಂಧ ಮೂರನೆಯ ಪರಮಾಣುವಿನಲ್ಲಿ ಕಂಡುಬಂದರೆ ಅದು ಒಮೆಗಾ-3. ಆರನೆಯದರಲ್ಲಿ ಕಂಡುಬಂದರೆ ಒಮೆಗಾ-6.

ಇವೆರಡೂ ದೇಹಕ್ಕೆ ಬೇಕು. ಆದರೆ ಗೋವಿನಜೋಳ, ಕುಸುಬೆ, ಸೂರ್ಯಕಾಂತಿ, ಗುರೆಳ್ಳುಗಳ ಎಣ್ಣೆಯಲ್ಲಿ ಒಮೆಗಾ-6 ಹೇರಳವಾಗಿದ್ದು, ಒಮೆಗಾ-3 ಇಲ್ಲವೆನ್ನುವಷ್ಟು ಕಡಿಮೆ. ಅಗಸೆಯ ಎಣ್ಣೆಯಾದರೋ ಅರ್ಧಕ್ಕಿಂತ ಹೆಚ್ಚು ಪಾಲು ಆಲ್ಫಾ ಲಿನೋಲೆನಿಕ್ ಆಮ್ಲವೇ ಆಗಿದೆ. ಗೋವಿನಜೋಳ ತಿಂದು ಬೆಳೆದ ಕೋಳಿಯ ಮಾಂಸದಲ್ಲಿ ಒಮೆಗಾ-6 ಮೇಲುಗೈ ಪಡೆಯುವುದು ಸಹಜವೇ.

ಹಾಗಾದರೆ ಮೇವನ್ನು ಬದಲಿಸಿದರೆ ಮಾಂಸವೂ ಬದಲಾಗುವುದೇ? ಆಕಳಿನಲ್ಲಿ ಇದು ಸುಲಭವಲ್ಲ. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯ ಮೊದಲ ಕೋಣೆಯಲ್ಲಿರುವ ಸೂಕ್ಷ್ಮಜೀವಿಗಳು ಇಂಥ ಆಮ್ಲಗಳಿಗೆ ಜಲಜನಕವನ್ನು ಸೇರಿಸಿ, ಅವುಗಳ ಬಹುಪಾಲನ್ನು ಬೇರೆ ಬಗೆಯ ಕೊಬ್ಬನ್ನಾಗಿ ಮಾರ್ಪಡಿಸಿಬಿಡುತ್ತವೆ. ಕೋಳಿಗೆ ಅಂಥ ಕೋಣೆಯಿಲ್ಲ. ಅದು ತಿಂದ ಎಣ್ಣೆಯ ಆಮ್ಲಗಳು ಸಣ್ಣ ಕರುಳಿನಲ್ಲಿ ಹೀರಲ್ಪಟ್ಟು, ಹೆಚ್ಚು ಮಾರ್ಪಾಡಿಲ್ಲದೆ ಮೈಯ ಕೊಬ್ಬಿಗೆ ಸೇರುತ್ತವೆ. ಅಲ್ಪಭಾಗವನ್ನು ಕೋಳಿಯ ಯಕೃತ್ತು, ಮೀನಿನಲ್ಲಿರುವಂಥ ಉದ್ದ ಸರಪಳಿಯ ಒಮೆಗಾ-3 ಆಮ್ಲಗಳನ್ನಾಗಿ ಪರಿವರ್ತಿಸುತ್ತದೆ. ನಮ್ಮ ಮೆದುಳು ಮತ್ತು ಕಣ್ಣಿನ ಅಕ್ಷಿಪಟಲಗಳ ರಚನೆಗೆ ಬೇಕಾದವು ಇವೇ. ಮಾಂಸದ ಕೋಳಿ ಸುಮಾರು ಆರು ವಾರಗಳಲ್ಲಿಯೇ ಬೆಳೆಯುವುದರಿಂದ, ಮೇವಿನ ಗುಣ ಅದರ ಮೈಯಲ್ಲಿ ಬಹು ಬೇಗ ಮೂಡುತ್ತದೆ. ಕೊಬ್ಬು ಹೆಚ್ಚಾಗಿರುವ ತೊಡೆಯಲ್ಲಿ ಈ ಬದಲಾವಣೆ ಎದ್ದು ಕಾಣುತ್ತದೆ. ಕೊಬ್ಬು ವಿರಳವಾದ ಎದೆಯ ಮಾಂಸದಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಒಂದು ಸರಳ ಲೆಕ್ಕವನ್ನು ನೋಡೋಣ. ನೂರು ಕಿಲೋಗ್ರಾಂ ಮೇವಿಗೆ 2 ಕಿಲೋಗ್ರಾಂ ಅಗಸೆ ಎಣ್ಣೆಯನ್ನು ಬೆರೆಸಿದರೆ, ಮೇವಿಗೆ 1 ಕಿಲೋಗ್ರಾಮಿಗಿಂತ ಹೆಚ್ಚು ಒಮೆಗಾ-3 ಸೇರಿದಂತಾಯಿತು. ಅಷ್ಟೇ ತೂಕದ ಗೋವಿನಜೋಳದ ಎಣ್ಣೆಯನ್ನು ಬೆರೆಸಿದ್ದರೆ ಸೇರುವುದು ಬಹು ಸ್ವಲ್ಪ. ಎಣ್ಣೆಯ ತೂಕ ಒಂದೇ ಆದರೂ ಫಲ ಒಂದೇ ಅಲ್ಲ.

ಇಷ್ಟನ್ನು ಕೇಳಿ, ಹೆಚ್ಚು ಬೆರೆಸಿದಷ್ಟೂ ಹೆಚ್ಚು ಲಾಭವೆಂದು ಭಾವಿಸಬಾರದು. ಅಗಸೆ ಎಣ್ಣೆ ಗಾಳಿಯಲ್ಲಿನ ಆಮ್ಲಜನಕದೊಡನೆ ಬಹು ಬೇಗ ಸಂಯೋಗ ಹೊಂದುತ್ತದೆ. ಬಡಗಿಗಳು ಮರಕ್ಕೂ, ಆಟಗಾರರು ಕ್ರಿಕೆಟ್ ದಾಂಡಿಗೂ ಇದನ್ನು ಸವರುವುದು ಈ ಗುಣದಿಂದಲೇ. ಒಣಗಿದಾಗ ಅದು ತೆಳುವಾದ ಪೊರೆಯಾಗಿ ಮರವನ್ನು ಕಾಪಾಡುತ್ತದೆ. ಮರಕ್ಕೆ ವರವಾದ ಗುಣವೇ ಮಾಂಸಕ್ಕೆ ದೋಷವಾಗುತ್ತದೆ. ಒಮೆಗಾ-3 ತುಂಬಿದ ಮಾಂಸ ಬೇಗನೆ ಕಮಟುತ್ತದೆ. ಕೆಲವೊಮ್ಮೆ ಮೀನಿನ ವಾಸನೆ ಬೀರುತ್ತದೆ. ಇದನ್ನು ತಡೆಯಲೆಂದು ಮೇವಿಗೆ 'ಇ' ಜೀವಸತ್ವವನ್ನು ಕೂಡಿಸುತ್ತಾರೆ. ಹಸಿ ಅಗಸೆ ಕಾಳನ್ನೇ ಮಿತಿಮೀರಿ ತಿನ್ನಿಸಿದರೆ ಅದರ ಲೋಳೆ ಕೋಳಿಯ ಜೀರ್ಣಕ್ರಿಯೆಗೆ ಅಡ್ಡಿಯಾಗುತ್ತದೆ. ಕಾಳಿನಲ್ಲಿರುವ ಒಂದು ವಸ್ತು 'ಬಿ6' ಜೀವಸತ್ವದ ಕಾರ್ಯವನ್ನು ತಡೆದು ಬೆಳವಣಿಗೆಯನ್ನು ಕುಂದಿಸುತ್ತದೆ. ಆದ್ದರಿಂದ ಎಣ್ಣೆಯನ್ನಾಗಲಿ, ಶಾಖದಿಂದ ಹದಗೊಳಿಸಿದ ಕಾಳನ್ನಾಗಲಿ ಮಿತವಾಗಿ ಬಳಸುವುದೇ ಕ್ರಮ. ಅಗಸೆ ಎಣ್ಣೆ ದುಬಾರಿಯಾದುದರಿಂದ, ಸಾಕುವವನು ತಗಲುವ ವೆಚ್ಚವನ್ನೂ ಲೆಕ್ಕ ಹಾಕಲೇಬೇಕು.

ಕೊಳ್ಳುವವರಿಗೂ ವಿವೇಕ ಬೇಕು. 'ಒಮೆಗಾ-3 ಇದೆ' ಎಂದು ಪೊಟ್ಟಣದ ಮೇಲೆ ಬರೆದ ಮಾತ್ರಕ್ಕೆ ಆಹಾರ ಔಷಧವಾಗುವುದಿಲ್ಲ. ಎಷ್ಟಿದೆ, ಯಾವ ಬಗೆಯದು, ಅದಕ್ಕಾಗಿ ಎಷ್ಟು ಹೆಚ್ಚು ಹಣ ತೆರಬೇಕು ಎಂಬ ಮೂರು ಪ್ರಶ್ನೆಗಳನ್ನು ಕೇಳಿ ತಿಳಿದವನು ಮೋಸಹೋಗಲಾರ. ತಿಪ್ಪೆಯನ್ನು ಕೆದರಿ, ಹಸಿರೆಲೆಗಳನ್ನು ಕುಕ್ಕಿ ತಿಂದು ತಿರುಗುವ ಜವಾರಿ ಕೋಳಿಗೆ ಆ ಎಲೆಗಳಿಂದಲೇ ಸ್ವಲ್ಪ ಒಮೆಗಾ-3 ದೊರೆಯುತ್ತದೆ ಎಂಬುದನ್ನೂ ನೆನೆಯಬೇಕು.

ಮಾಂಸಾಹಾರವನ್ನು ಒಲ್ಲದ ಮನೆಗಳು ನಮ್ಮಲ್ಲಿ ಬಹಳ. ಅವರು ಇದರಿಂದ ವಂಚಿತರೇನಲ್ಲ. ಕೋಳಿಯ ಮೂಲಕ ಬಳಸಿ ಬರುವ ಆಲ್ಫಾ ಲಿನೋಲೆನಿಕ್ ಆಮ್ಲ, ಹುರಿದು ಕುಟ್ಟಿದ ಅಗಸೆಯ ಚಟ್ನಿಯಲ್ಲಿ ನೇರವಾಗಿಯೇ ದೊರೆಯುತ್ತದೆ. ಅದನ್ನು ಉದ್ದ ಸರಪಳಿಯ ಆಮ್ಲವನ್ನಾಗಿ ಮಾಡಿಕೊಳ್ಳುವ ಶಕ್ತಿ ನಮ್ಮ ದೇಹಕ್ಕೆ ಅಲ್ಪ ಪ್ರಮಾಣದಲ್ಲಿ ಮಾತ್ರ ಇದೆ; ಆದರೂ ಆ ಮೂಲ ಆಮ್ಲವೇ ದೇಹಕ್ಕೆ ಅವಶ್ಯವಾದುದು. ಕುಟ್ಟದೆ ಇಡಿಯಾಗಿ ನುಂಗಿದ ಕಾಳು ಬಹುಮಟ್ಟಿಗೆ ಜೀರ್ಣವಾಗದೆ ಹೊರಬೀಳುತ್ತದೆ. ಚಟ್ನಿಗೆ ಕಾಳನ್ನು ಕುಟ್ಟುವ ಪದ್ಧತಿಯಿಂದ ರುಚಿಯೊಡನೆ ಈ ಪ್ರಯೋಜನವೂ ಇದೆ.

ಮಣ್ಣಿನ ಸತ್ತ್ವ ಕಾಳಿಗೆ, ಕಾಳಿನ ಸತ್ತ್ವ ಕೋಳಿಗೆ, ಕೋಳಿಯದು ಉಣ್ಣುವವನಿಗೆ ಹೀಗೆ ಸಾಗುತ್ತದೆ. ಈ ಸರಪಳಿಯ ಮೊದಲ ಕೊಂಡಿ ಇರುವುದು ರೈತನ ಹೊಲದಲ್ಲಿ. ಕೋಳಿಯ ಮೇವಿಗೂ ಮನೆಯ ಚಟ್ನಿಗೂ ಅಗಸೆ ಬೇಕೆಂಬ ತಿಳಿವಳಿಕೆ ಬೆಳೆದು, ಬೆಳೆದವನಿಗೆ ತಕ್ಕ ಬೆಲೆ ದೊರೆಯುವಂತಾದರೆ, ಎರೆಭೂಮಿಯಲ್ಲಿ ಆ ನೀಲಿ ಹೂವುಗಳು ಮತ್ತೆ ಅರಳಲು ಎಡೆಯಾದೀತು.