ಅಕ್ಷರ ತಪ್ಪುವವರ ವಿಷಯವಾಗಿ

ಒಬ್ಬ ಹುಡುಗನು ಲೆಕ್ಕದಲ್ಲಿ ಚುರುಕು, ಕೇಳಿದ ಕಥೆಯನ್ನು ಬಿಡದೆ ತಿರಿಗಿ ಹೇಳಬಲ್ಲನು. ಆದರೆ ಪುಸ್ತಕ ತೆರೆದ ಕೂಡಲೆ ತಡವರಿಸುವನು, ಬರೆಯಲಿಕ್ಕೆ ಕೂತರೆ ಕಾಗುಣಿತವೆಲ್ಲಾ ಚದರಿಹೋಗುವದು. ಇಂಥವನನ್ನು ಸೋಮಾರಿಯೆಂದು ಬೈಯುವದಕ್ಕೆ ಮುಂಚೆ ಒಂದು ಸಂಗತಿಯನ್ನು ಕೇಳಿರಿ.

ಇಂಗ್ಲೆಂಡಿನ ಸಮುದ್ರತೀರದಲ್ಲಿರುವ ಸೀಫರ್ಡ್ ಎಂಬ ಊರಿನ ವೈದ್ಯರಾದ ಪ್ರಿಂಗಲ್ ಮಾರ್ಗನ್ ಎಂಬವರು 1896ರಲ್ಲಿ ಪರ್ಸಿ ಎಂಬ 14 ವರುಷದ ಹುಡುಗನ ವೃತ್ತಾಂತವನ್ನು ಪ್ರಕಟಿಸಿದರು. ಅವನಿಗೆ 7 ವರುಷ ಪಾಠ ಹೇಳಿದ್ದರೂ ಚಿಕ್ಕ ಮಾತುಗಳನ್ನು ಸಹ ಬಹು ಕಷ್ಟದಿಂದ ಓದುತ್ತಿದ್ದನು. ತನ್ನ ಸ್ವಂತ ಹೆಸರನ್ನೇ ಅಕ್ಷರ ಹಿಂದುಮುಂದಾಗಿ ‘ಪ್ರೆಸಿ’ ಎಂದು ಬರೆದನು. ಒಂದು ಸಾರಿ ಎಚ್ಚರಿಸಿದರೂ ತಪ್ಪು ಅವನಿಗೆ ಕಾಣಲಿಲ್ಲ. ಆದರೆ 749ನ್ನು 867ರಿಂದ ಗುಣಿಸು ಎಂದಾಗ ಬೇಗನೆ, ತಪ್ಪಿಲ್ಲದೆ ಗುಣಿಸಿದನು. (ನಮ್ಮಲ್ಲಿ ಎಷ್ಟು ಮಂದಿ ಹಾಗೆ ಮಾಡಬಲ್ಲರು?) ಪಾಠವೆಲ್ಲಾ ಬಾಯಿಮಾತಿನಿಂದಲೇ ನಡೆದರೆ ಶಾಲೆಯಲ್ಲಿ ಇವನೇ ಎಲ್ಲರಿಗಿಂತ ಜಾಣನಾಗುವನೆಂದು ಅವನ ಉಪಾಧ್ಯಾಯರು ಹೇಳಿದರು.

ಈ ತೊಂದರೆಗೆ ಈಗ ಡಿಸ್ಲೆಕ್ಸಿಯಾ ಎಂದು ಹೆಸರು. ಇದು ಕಣ್ಣಿನ ದೋಷವಲ್ಲ, ಆದಕಾರಣ ಕನ್ನಡಕದಿಂದ ವಾಸಿಯಾಗದು. ಬುದ್ಧಿಯ ಕೊರತೆಯೂ ಅಲ್ಲ. ಮಾತಿನೊಳಗಿನ ಸ್ವರಗಳನ್ನು ಬಿಡಿಸಿ ಅವುಗಳನ್ನು ಅಕ್ಷರಗಳಿಗೆ ಬೇಗನೆ ಹೊಂದಿಸುವ ಕೆಲಸವು ಮಿದುಳಿನಲ್ಲಿ ಕಷ್ಟವಾಗಿ ನಡೆಯುವದೇ ಹೆಚ್ಚಿನವರಲ್ಲಿ ಇದರ ಮೂಲ. ಅನೇಕ ಸಾರಿ ತಂದೆತಾಯಿಗಳಿಂದ ಮಕ್ಕಳಿಗೆ ಬರುವದುಂಟು. ಮಗನನ್ನು ಹೊಡೆಯುವ ತಂದೆಯು ತನ್ನ ಶಾಲೆಯ ದಿನಗಳನ್ನು ನೆನಸಿಕೊಂಡರೆ ಕೋಲು ಕೆಳಗೆ ಬಿದ್ದೀತು.

ಕನ್ನಡವು ನುಡಿದಂತೆ ಬರೆಯುವ ಭಾಷೆಯಲ್ಲವೋ, ಇಲ್ಲಿ ಈ ಕಷ್ಟವೇಕೆ? ಎಂದು ಕೆಲವರು ಕೇಳುವರು. ಇಂಗ್ಲಿಷಿನಷ್ಟು ತೊಡಕು ನಮಗಿಲ್ಲವೆಂಬದು ನಿಜ. ಆದರೂ ‘ಸೂರ್ಯ’ ಎಂಬ ಮಾತನ್ನು ನೋಡಿರಿ. ನಾಲಿಗೆಯು ರಕಾರವನ್ನು ಮೊದಲು ನುಡಿಯುತ್ತದೆ, ಕೈಯಾದರೋ ಯಕಾರವನ್ನು ಮೊದಲು ಬರೆದು ರಕಾರದ ಗುರುತನ್ನು ಹಿಂದೆ ಇಡುತ್ತದೆ. ‘ಶಕ್ತಿ’ ಎಂಬಲ್ಲಿ ಇಕಾರವು ತಕಾರದ ತರುವಾಯ ಕೇಳಿಸುತ್ತದೆ, ಆದರೆ ಅದರ ಗುರುತು ಮೇಲಿನ ಕಕಾರಕ್ಕೆ ಹತ್ತಿರುತ್ತದೆ. ಇದರೊಂದಿಗೆ ಅಲ್ಪಪ್ರಾಣ ಮಹಾಪ್ರಾಣಗಳ ಭೇದ, ದೀರ್ಘ, ಒತ್ತು. ಇವುಗಳಲ್ಲೇ ಇಂಥ ಮಕ್ಕಳು ಎಡವುವರು. ಸರಿಯಾಗಿ ಓದಲು ಕಲಿತವರು ಸಹ ಬಹು ನಿಧಾನವಾಗಿ ಓದುವರು.

ಪೂರ್ವದಲ್ಲಿ ಬರೆಯಲಾರದವನು ಇನ್ನೊಬ್ಬನಿಂದ ಕಾಗದ ಬರೆಯಿಸುತ್ತಿದ್ದನು. ಈಗ ಪ್ರತಿಯೊಬ್ಬನ ಕೈಯಲ್ಲಿ ಫೋನ್ ಇರುವದರಿಂದ ಅವನ ತಪ್ಪು ಬಂಧುಗಳೆಲ್ಲರ ಕಣ್ಣಿಗೆ ಬೀಳುತ್ತದೆ. ಒಬ್ಬನು ‘ಹಣ ಬಂತು’ ಎಂದು ಬರೆಯಹೋಗಿ ‘ಹೆಣ ಬಂತು’ ಎಂದು ಬರೆದರೆ ನಗದವರು ಯಾರು? ನಕ್ಕವರು ಅದನ್ನು ಸಂಜೆಗೆ ಮರೆಯುವರು. ಬರೆದವನಾದರೋ ಮರೆಯುವದಿಲ್ಲ, ಮುಂದೆ ಮನೆಯಲ್ಲಿ ಕಾಯಿಲೆ ಬಂದರೂ ಬರೆದು ತಿಳಿಸಲಿಕ್ಕೆ ಹಿಂಜರಿಯುವನು. ನಷ್ಟವು ಇಲ್ಲಿಯೇ ಇದೆ.

ಅವನಿಗೆ ಉಪಾಯಗಳುಂಟು. 2017ರಿಂದ ಗೂಗಲಿನ ಕೀಲಿಮಣೆಯಲ್ಲಿ ಕನ್ನಡವನ್ನು ಬಾಯಿಂದ ಹೇಳಿ ಬರೆಯಿಸಬಹುದು. ಯಂತ್ರವು ಹೆಸರುಗಳನ್ನು ಆಗಾಗ್ಗೆ ಕೆಡಿಸುವದರಿಂದ, ಕಳುಹಿಸುವ ಮುಂಚೆ ಫೋನಿನಿಂದಲೇ ಗಟ್ಟಿಯಾಗಿ ಓದಿಸಿ ಕೇಳತಕ್ಕದ್ದು. ಕಣ್ಣು ಬಿಟ್ಟ ತಪ್ಪನ್ನು ಕಿವಿ ಹಿಡಿಯುವದು. ವಾಕ್ಯಗಳು ಚಿಕ್ಕವಾಗಿರಲಿ. ಹಣದ ಮೊತ್ತ, ತಾರೀಕು ಮುಂತಾದವುಗಳನ್ನು ಅಂಕೆಗಳಲ್ಲಿ ಬರೆಯಲಿ. ಓದುವವನಾದರೋ ಅರ್ಥ ತಿಳಿದರೆ ಅರ್ಥಕ್ಕೇ ಉತ್ತರ ಕೊಡಲಿ; ತಿಳಿಯದಿದ್ದರೆ ಎಲ್ಲರ ಮುಂದೆ ತಿದ್ದದೆ ಅವನನ್ನೇ ಕರೆದು ಕೇಳಲಿ.

ಶಾಲೆಯ ಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಈ ತೊಂದರೆಯನ್ನೂ ಒಪ್ಪಿಕೊಂಡಿದೆ. ಪರೀಕ್ಷೆ ಮಾಡಿಸಿ ಪ್ರಮಾಣಪತ್ರ ಪಡೆದ ವಿದ್ಯಾರ್ಥಿಗೆ ಪರೀಕ್ಷೆಗಳಲ್ಲಿ ಹೆಚ್ಚು ಸಮಯ, ಬೇಕಾದರೆ ಬರೆಯುವ ಸಹಾಯಕನು ಸಹ ದೊರಕುವದುಂಟು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಮಕ್ಕಳನ್ನು ಹೀಗೆ ಪರೀಕ್ಷಿಸುವರು. ಇದಕ್ಕೆ ದಿನಗಳು ಹಿಡಿಯುವದರಿಂದ ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರ ಬರುವ ತನಕ ಕಾಯಬೇಡಿರಿ. ಮಗುವಿನ ಹಳೇ ಬರಹದ ಪುಸ್ತಕಗಳನ್ನು ಕೂಡ ತೆಗೆದುಕೊಂಡು ಹೋಗಿರಿ.