ಹನೂರಿಗೆ ಮೈಸೂರಿನ ಮೇಲೆ ಯಾಕೆ?

ಕೂಸೇ,

ಹಬ್ಬಕ್ಕೆ ಬಂದಾಗ ನಿನ್ನ ಜಪಾನಿ ನೋಟ್‌ಬುಕ್ಕನ್ನು ಮಂಚದ ಮೇಲೆ ಬಿಟ್ಟು ಪೇಟೆಗೆ ಹೋಗಿದ್ದೆ. ಕೇಳದೆ ತಿರುವಿ ಹಾಕಿದೆ, ಬೈಕೋಬೇಡ. ‘ಚೆಂದ ಇತ್ತು’ ಅನ್ನೋದಕ್ಕೆ ನೀನು ‘ಕಿರೇಯ್‌ಕತ್ತಾ’ ಅಂತ ಬರೆದಿದ್ದೆ, ಮೇಲೊಂದು ಕೆಂಪು ಗೀಟು ಬಿದ್ದಿತ್ತು. ಪಕ್ಕದಲ್ಲಿ ‘ಅಡ್ಜೆಕ್ಟಿವ್ ಎರಡು ಬಗೆ, ಬಾಯಿಪಾಠ’ ಅಂತ ನಿನ್ನದೇ ಅಕ್ಷರ. ಆಯಸ್ಸೆಲ್ಲಾ ಕನ್ನಡ ವ್ಯಾಕರಣ ಪಾಠ ಮಾಡಿದ ದೊಡ್ಡಪ್ಪನಿಗೆ ಹೊಟ್ಟೆ ಉರಿಯದೆ ಇರುತ್ತಾ? ಕೊಳ್ಳೇಗಾಲದಿಂದ ಹನೂರಿಗೆ ಹೋಗೋಳು ಮೈಸೂರು ಸುತ್ತಿಕೊಂಡು ಹೋದ ಹಾಗೆ, ನೀನು ಜಪಾನಿಗೆ ಇಂಗ್ಲಿಷಿನ ಮೇಲೆ ಹೋಗ್ತಿದ್ದೀಯ.

ಬಿಳಿಗಿರಿರಂಗನ ಬೆಟ್ಟದಿಂದ ಇಳಿದು ಬಂದವಳು ಏನಂದೆ? ‘ಮೇಲೆ ತಣ್ಣಗಿತ್ತು.’ ತಣ್ಣಗೆ, ಇತ್ತು, ಎರಡೂ ಬೆಸೆದು ಒಂದೇ ಮಾತು. ಈಗಲೂ ಹಾಗೇ ಇದ್ದರೆ ನಮ್ಮ ಕಡೆ ‘ತಣ್ಣಗದ’. ಜಪಾನಿಯ ‘ಸಮುಯ್’ ಅಂದರೆ ಈ ಚಳಿಯೇ. ನಿನ್ನೆಯದಾದರೆ ‘ಸಮುಕತ್ತಾ’: ‘ಸಮುಕು’ವಿಗೆ ‘ಇತ್ತು’ ಅನ್ನೋ ಅರ್ಥದ ‘ಅತ್ತಾ’ ಅಂಟಿ ಆದದ್ದು. ‘ಸಮುಕುನಾಯ್’ ಅಂದರೆ ತಣ್ಣಗಿಲ್ಲ. ನೋಡಿದೆಯಾ, ಗುಣದ ಮಾತೇ ಕ್ರಿಯಾಪದದಂತೆ ಕಾಲವನ್ನೂ ಇಲ್ಲವನ್ನೂ ಹೊತ್ತುಕೊಂಡಿದೆ.

‘ಕಿರೇಯ್’ ಆ ಮನೆಯದಲ್ಲ. ಬಾಲದಲ್ಲಿ ‘ಯ್’ ಇದೆ ಅಂತ ನೀನು ಮೋಸ ಹೋದೆ. ಅದು ಚೀನಾದಿಂದ ಬಂದ ಮಾತು, ನಮಗೆ ಸಂಸ್ಕೃತದಿಂದ ‘ಸುಂದರ’ ಬಂದ ಹಾಗೆ. ನಿಮ್ಮಮ್ಮನ ಮದುವೆಗೆ ಇಲ್ಲಿನ ಮಗ್ಗದಲ್ಲಿ ನೇಯಿಸಿದ ಸೀರೆಯನ್ನು ‘ಸುಂದರವಾದ ಸೀರೆ’ ಅಂತೀವಲ್ಲ, ಆ ‘ಆದ’ದ ಕೆಲಸವನ್ನು ಜಪಾನಿಯಲ್ಲಿ ‘ನ’ ಮಾಡುತ್ತದೆ: ‘ಕಿರೇಯ್ ನ’. ಆ ‘ನ’ ಕೂಡ ‘ಆಗಿರು’ ಅನ್ನೋ ಅರ್ಥದ ಹಳೆಯ ‘ನರು’ ಸವೆದು ಉಳಿದದ್ದೇ. ಇಂಗ್ಲಿಷಿನ ಮಾತು ಬಂದರೂ ಇಬ್ಬರದೂ ಒಂದೇ ಉಪಾಯ. ನಾವು ‘ಸಿಂಪಲ್ಲಾದ ಅಂಚು’ ಅಂತೀವಿ, ಅವರು ‘ಷಿಂಪುರು ನ’ ಅಂತಾರೆ. ಹಾಗಂತ ‘ನ’ ಬರೀ ಹೊರಗಿನವರಿಗೆ ಅಂದುಕೊಳ್ಳಬೇಡ. ‘ಷಿಜುಕ’, ಅಂದರೆ ಸದ್ದಿಲ್ಲದ್ದು, ಅಚ್ಚ ಜಪಾನಿ, ಅದಕ್ಕೂ ‘ನ’ ಬೇಕು, ನಮ್ಮ ‘ತೆಳುವಾದ’ದಂತೆ. ನೀನು ಬರೆಯಬೇಕಾಗಿದ್ದದ್ದು ‘ಕಿರೇಯ್ ದತ್ತಾ’, ಚೆಂದವಾಗಿತ್ತು.

ಇನ್ನು ‘ದೊಡ್ಡ’. ‘ದೊಡ್ಡ ಮನೆ’ ಸರಿ. ‘ಮನೆ ದೊಡ್ಡ’ ಅಂದಿದ್ದರೆ ನಿನ್ನ ಅಜ್ಜಿ ‘ದೊಡ್ಡ ಏನು?’ ಅಂತ ಕಾಯ್ತಾ ಕೂತಿರೋರು. ‘ದೊಡ್ಡದು’ ಅನ್ನಬೇಕು. ಜಪಾನಿಯ ‘ಓಕಿನ’ಕ್ಕೂ ಇದೇ ಕಟ್ಟು: ಹೆಸರಿನ ಮುಂದೆ ಮಾತ್ರ ನಿಲ್ಲುತ್ತದೆ, ವಾಕ್ಯದ ಕೊನೆಗೆ ‘ಓಕೀ’ ಬರಬೇಕು. ಅದಕ್ಕೇ ಹೇಳೋದು, ಪದದ ಅರ್ಥ ನೋಡಿ ಜಾತಿ ಹೇಳಬೇಡ. ಹೆಸರಿನ ಮುಂದೆ ಒಂದು ಸಲ, ವಾಕ್ಯದ ಕೊನೆಗೆ ಒಂದು ಸಲ ಕೂರಿಸಿ ನೋಡು, ತಾನೇ ಹೇಳುತ್ತದೆ. ಬರೀ ನಾಮಪದವೇ ಬಣ್ಣನೆಗೆ ನಿಲ್ಲೋದೂ ಉಂಟು. ಹಸಿರಿಗೆ ಅವರ ‘ಮಿದೊರಿ’ ನಾಮಪದ, ಆದ್ದರಿಂದ ‘ಮಿದೊರಿ ನೊ’, ಹಸಿರಿನ. ಯಳಂದೂರಿನ ಸಂಚಿಯ ಹೊನ್ನಮ್ಮನ ಹೆಸರಲ್ಲೂ, ಅವಳ ‘ಹದಿಬದೆಯ ಧರ್ಮ’ದಲ್ಲೂ ಇರೋ ‘ಯ’ ಇದೆಯಲ್ಲ, ಆ ‘ನೊ’ ಅದೇ.

ಈ ಗೊಂದಲ ನಿನ್ನೊಬ್ಬಳದಲ್ಲ. ‘ಕಿರೇಯ್’ನಂಥವಕ್ಕೆ ಜಪಾನಿನ ಶಾಲಾ ವ್ಯಾಕರಣ ಬೇರೆಯೇ ವರ್ಗ ಕೊಟ್ಟಿದೆ, ತೊಕಿಯೆದ ಮೊತೊಕಿ ಎಂಬ ಅವರ ದೊಡ್ಡ ವಿದ್ವಾಂಸ, ಅದೆಲ್ಲ ಬೇಡ, ಅವು ನಾಮಪದಗಳೇ ಅಂದ. ನಮ್ಮ ಶಾಲೆಗಳಲ್ಲಂತೂ ಗುಣವಾಚಕವನ್ನು ನಾಮಪದದ ಒಳಗೇ ಇಟ್ಟು ಕಲಿಸಿದ್ದೇವೆ. ನಾನೂ ಹಾಗೇ ಕಲಿಸಿದೆ, ‘ದೊಡ್ಡ’ಕ್ಕೆ ವಿಭಕ್ತಿ ಎಲ್ಲಿ ಸಾರ್ ಅಂತ ಒಬ್ಬ ಹುಡುಗ ಕೇಳಿದಾಗ ಗದರಿಸಿ ಕೂರಿಸಿದೆ. ಡಿ. ಎನ್. ಶಂಕರ ಭಟ್ಟರು ಇಂಥ ಪದಗಳ ಮೇಲೆ, ಲೋಕದ ಹಲವು ನುಡಿಗಳನ್ನು ಎದುರಿಟ್ಟುಕೊಂಡು, 1994ರಲ್ಲಿ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೇ ಬರೆದರು. ಅವರ ಕನ್ನಡ ಪುಸ್ತಕಗಳಲ್ಲಿ ಇವಕ್ಕೆ ‘ಪರಿಚೆಪದ’ ಅನ್ನೋ ಹೆಸರಿದೆ. ಮೊದಲು ಆ ಕನ್ನಡದವನ್ನು ಓದು.

ಕೊನೆಗೊಂದು ಲೆಕ್ಕ ಕೊಡ್ತೀನಿ. ‘ಸುಕಿ’ ಅಂದರೆ ಇಷ್ಟ. ಇಂಗ್ಲಿಷಿನಲ್ಲಿ ಅದು ಕ್ರಿಯಾಪದ, ನಾನು ಮಾಡೋ ಕೆಲಸ. ಜಪಾನಿಯಲ್ಲಿ ‘ನ’ ಗುಂಪಿನದು. ಇಷ್ಟವಾದ ವಸ್ತುವೇ ಅಲ್ಲಿ ಕರ್ತೃ, ನಮ್ಮ ‘ನನಗೆ ಇಷ್ಟ’ದ ಹಾಗೆ. ದೀಪಾವಳಿಗೆ ಬಂದಾಗ ‘ನನಗೆ ಕಜ್ಜಾಯ ಇಷ್ಟ’ ಅನ್ನೋದನ್ನ ಜಪಾನಿಯಲ್ಲಿ ತಪ್ಪಿಲ್ಲದೆ ಹೇಳು. ನಿನ್ನ ದೊಡ್ಡಮ್ಮ ಅಕ್ಕಿ ನೆನೆಹಾಕ್ತಾಳೆ.